ಶಾಸನಪಾಠಗಳ ಸಂಪಾದನೆಯಲ್ಲಿ ಪ್ರತ್ಯೇಕ ಕಿಟಕಿಗಳ ಏರ್ಪಾಡು

ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದರು. ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಎಂಬ ಮೂರು ರೂಪಗಳಲ್ಲಿ ಶಾಸನಗಳು ಅಲ್ಲಿ ದೊರೆಯುತ್ತವೆ. ಆದರೆ ಈ ಮೂರೂ ಒಂದೇ ಪುಟದಲ್ಲಿಲ್ಲ. ಸಂಪುಟದ ಬೇರೆ ಬೇರೆ ಭಾಗಗಳಲ್ಲಿವೆ. ಒಂದು ಪದದ ಮೇಲೆ ಸಂದೇಹ ಬಂದರೆ ಮೂರು ಕಡೆ ಬೆರಳಿಟ್ಟುಕೊಂಡು ಓದುವುದು ಶಾಸನಾಭ್ಯಾಸಿಗಳಿಗೆಲ್ಲ ಪರಿಚಿತವಾದ ಶ್ರಮ. ಇದರ ಮೇಲೆ, ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತರತೊಡಗಿದ ಪರಿಷ್ಕೃತ ಸಂಪುಟಗಳನ್ನೂ ಜೊತೆಗಿಟ್ಟುಕೊಳ್ಳಬೇಕು. ಸಕಲೇಶಪುರ, ಆಲೂರು ಗುಡ್ಡಗಾಡಿನ ಶಾಸನಗಳಲ್ಲಿ ತೊಡಕು ಇನ್ನೂ ಒಂದು ಪಟ್ಟು ಹೆಚ್ಚು. ಏಕೆಂದರೆ ಇಂದಿನ ಸಕಲೇಶಪುರ ತಾಲ್ಲೂಕಿನ ಶಾಸನಗಳನ್ನು ರೈಸರ ಸಂಪುಟದಲ್ಲಿ ಹುಡುಕಬೇಕಾದದ್ದು ಮಂಜರಾಬಾದು ಎಂಬ ಹಳೆಯ ಹೆಸರಿನ ಕೆಳಗೆ.

ಈ ಪಾಠಗಳನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಕೊಂಡು ಹೋಲಿಸುವ ಪದ್ಧತಿ ಈಗ ಸಾಮಾನ್ಯವಾಗಿದೆ. ಮೂರು ಬೆರಳುಗಳ ಕೆಲಸವನ್ನು ಇಲ್ಲಿ ಮೂರು ಕಿಟಕಿಗಳು ಮಾಡಬೇಕು. ಪಠ್ಯಸಂಪಾದಕ ತಂತ್ರಾಂಶವೊಂದು ಪ್ರತಿಯೊಂದು ಕಡತವನ್ನೂ ಅದರದೇ ಕಿಟಕಿಯಲ್ಲಿ ತೆರೆಯುವಂತೆ ಏರ್ಪಡಿಸುವುದು ಹೇಗೆ, ಹಾಗೆ ಏರ್ಪಡಿಸುವಾಗ ಯಾವುದನ್ನು ಮರೆಯಬಾರದು ಎಂಬುದನ್ನು ವಿವರಿಸುವುದು ನಮ್ಮ ಉದ್ದೇಶ. ಉದಾಹರಣೆಗೆ ಇಮ್ಯಾಕ್ಸ್ ತಂತ್ರಾಂಶವನ್ನು ಆರಿಸಿಕೊಂಡಿದ್ದೇವೆ. ಇದು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದುದು. 2020ರಲ್ಲಿ ಹೊರಬಂದ ಇದರ 27ನೆಯ ಆವೃತ್ತಿಯಿಂದೀಚೆಗೆ ಕನ್ನಡದ ಒತ್ತಕ್ಷರಗಳನ್ನು ಜೋಡಿಸಲು ಹಾರ್ಫ್‌ಬಜ್ ಎಂಬ ಸಾಧನದ ನೆರವೂ ಇದಕ್ಕುಂಟು.

ಮೊದಲು ಪರಿಭಾಷೆಯ ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಾವೆಲ್ಲರೂ ಕಿಟಕಿ ಎಂದು ಕರೆಯುವುದನ್ನು ಇಮ್ಯಾಕ್ಸ್ ‘ಫ್ರೇಮ್’ ಎನ್ನುತ್ತದೆ. ಅದರ ಮಾತಿನಲ್ಲಿ ‘ವಿಂಡೋ’ ಎಂದರೆ ಒಂದು ಫ್ರೇಮಿನ ಒಳಗೆ ಅಡ್ಡವಾಗಿಯೋ ಉದ್ದವಾಗಿಯೋ ಸೀಳಿದ ಒಂದು ಅಂಕಣ. ಕಡತದಿಂದ ಓದಿಕೊಂಡ ಪಠ್ಯ ಇರುವುದು ಇವೆರಡರಲ್ಲಿಯೂ ಅಲ್ಲ, ‘ಬಫರ್’ ಎಂಬ ಮೂರನೆಯ ಸ್ಥಾನದಲ್ಲಿ. ಕಿಟಕಿಯು ಬಫರನ್ನು ನೋಡುವ ಕಂಡಿ ಮಾತ್ರ. ಈ ಭೇದವನ್ನು ಗ್ರಹಿಸದೆ ಕೈಪಿಡಿಯನ್ನು ಓದಿದವರು ದಾರಿ ತಪ್ಪುವುದು ಸಹಜ.

ಕಂಟ್ರೋಲ್ ಕೀಲಿಯೊಡನೆ ಎಕ್ಸ್, ಮತ್ತೆ ಕಂಟ್ರೋಲಿನೊಡನೆ ಎಫ್ ಒತ್ತಿದರೆ ಹೊಸ ಕಡತವು ಈಗಿರುವ ಕಡತವನ್ನು ಮರೆಮಾಡಿ ಅದೇ ಸ್ಥಳದಲ್ಲಿ ತೆರೆದುಕೊಳ್ಳುತ್ತದೆ. ಅದರ ಬದಲು ಕಂಟ್ರೋಲಿನೊಡನೆ ಎಕ್ಸ್, ಅನಂತರ 5, ಅನಂತರ ಎಫ್ ಒತ್ತಿದರೆ ಬೇರೆ ಫ್ರೇಮಿನಲ್ಲಿ ತೆರೆಯುತ್ತದೆ. ಕೊನೆಯ ಎಫ್ ಬದಲು ಆರ್ ಒತ್ತಿದರೆ ಬೇರೆ ಫ್ರೇಮಿನಲ್ಲಿಯೇ, ಆದರೆ ಓದುವುದಕ್ಕೆ ಮಾತ್ರ ಎಂಬ ಕಟ್ಟಿನೊಡನೆ ತೆರೆಯುತ್ತದೆ. ಮುದ್ರಿತ ಸಂಪುಟದಿಂದ ಇಳಿಸಿಕೊಂಡ ಪಾಠವನ್ನು ಯಾವಾಗಲೂ ಈ ಎರಡನೆಯ ವಿಧಾನದಿಂದಲೇ ತೆರೆಯತಕ್ಕದ್ದು.

ಪ್ರತಿಸಲವೂ ಇಷ್ಟು ಕೀಲಿಗಳನ್ನು ಒತ್ತಲು ಬೇಸರವಾದವರು ‘ಪಾಪ್-ಅಪ್-ಫ್ರೇಮ್ಸ್’ ಎಂಬ ಸೂತ್ರವನ್ನು ಜಾರಿಗೆ ತರುವುದುಂಟು. ನಾವು ಅದನ್ನು ಅನುಮೋದಿಸುವುದಿಲ್ಲ. ಸಾಧಾರಣವಾಗಿ ಕಡತ ತೆರೆಯುವ ಆಜ್ಞೆಯ ಮೇಲೆ ಅದರ ಪ್ರಭಾವವೇ ಇಲ್ಲ. ಸಹಾಯದ ಪುಟಗಳೂ ಸಣ್ಣಪುಟ್ಟ ಪಟ್ಟಿಗಳೂ ಮಾತ್ರ ಬೇರೆ ಬೇರೆ ಫ್ರೇಮುಗಳಾಗಿ ಎದ್ದು ಪರದೆಯನ್ನು ತುಂಬುತ್ತವೆ. ‘ಡಿಸ್‌ಪ್ಲೇ-ಬಫರ್-ಅಲಿಸ್ಟ್’ ಎಂಬ ಪಟ್ಟಿಯಲ್ಲಿ ಹೆಸರನ್ನು ಆಧರಿಸಿದ ನಿಯಮವೊಂದನ್ನು ಬರೆದಿಡುವುದು ಮೇಲು. ‘ಮೂಲ’ ಎಂದು ಆರಂಭವಾಗುವ ಹೆಸರಿನ ಬಫರುಗಳಿಗೆ ಮಾತ್ರ ಪ್ರತ್ಯೇಕ ಫ್ರೇಮು, ಉಳಿದವು ಎಂದಿನಂತೆ ಎಂದು ಅಲ್ಲಿ ವಿಧಿಸಬಹುದು.

ಇನ್ನು ಅಪಾಯದ ವಿಚಾರ. ಒಂದೇ ಕಡತವನ್ನು ಎರಡು ಫ್ರೇಮುಗಳಲ್ಲಿ ತೋರಿಸಿದರೆ ಎರಡು ಪ್ರತಿಗಳಾಗುವುದಿಲ್ಲ. ಬಫರು ಒಂದೇ ಆದ್ದರಿಂದ ಒಂದರಲ್ಲಿ ತಿದ್ದಿದ್ದು ಆ ಕ್ಷಣವೇ ಇನ್ನೊಂದರಲ್ಲಿಯೂ ಕಾಣಿಸುತ್ತದೆ. ಸ್ಥಳನಾಮಗಳ ಸೂಚಿಯನ್ನು ಸಿದ್ಧಪಡಿಸುವವರು ಈಗಿನ ಓದುಗರಿಗಾಗಿ ೞ ಇರುವಲ್ಲೆಲ್ಲ ಳ ಎಂದು ಒಂದೇ ಆಜ್ಞೆಯಿಂದ ಬದಲಾಯಿಸುವುದು ಅಪರೂಪವಲ್ಲ. ‘ಏೞು’ ಎಂಬುದು ‘ಏಳು’ ಆಗುತ್ತದೆ. ಸೂಚಿಗೆ ಅದು ಸರಿಯೆ. ಆದರೆ ಅದೇ ಆಜ್ಞೆ ಮೂಲಪಾಠದ ಮೇಲೆ ನಡೆದುಹೋದರೆ? ೞಕಾರವು ಕನ್ನಡದಲ್ಲಿ ಕ್ರಮೇಣ ಲೋಪವಾದ ಅಕ್ಷರ. ಅದು ಉಳಿದಿದೆಯೆ, ಸರಿಯಾದ ಸ್ಥಳದಲ್ಲಿದೆಯೆ, ಳಕಾರದೊಡನೆ ಬೆರೆತಿದೆಯೆ ಎಂಬುದು ತೇದಿಯಿಲ್ಲದ ವೀರಗಲ್ಲೊಂದರ ಕಾಲವನ್ನು ಊಹಿಸಲು ಇರುವ ಕೆಲವೇ ಆಧಾರಗಳಲ್ಲಿ ಒಂದು. ಕಲ್ಲು ಮಲೆನಾಡಿನ ಮಳೆಗೆ ಸವೆದು ಮತ್ತೆ ಓದಲು ಬಾರದಂತಾಗಿದ್ದರೆ ಬರೆದುಕೊಂಡ ಪಾಠವೇ ಸಾಕ್ಷ್ಯ. ಓದುವುದಕ್ಕೆ ಮಾತ್ರ ತೆರೆದ ಬಫರಿನಲ್ಲಿ ಇಂತಹ ಆಜ್ಞೆಯನ್ನು ಇಮ್ಯಾಕ್ಸ್ ಸ್ವೀಕರಿಸುವುದೇ ಇಲ್ಲ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಇಮ್ಯಾಕ್ಸನ್ನೇ ಎರಡು ಸಲ ಚಾಲನೆಗೊಳಿಸಿ ಎರಡರಲ್ಲಿಯೂ ಒಂದೇ ಕಡತವನ್ನು ತೆರೆದರೆ, ಹೊರನೋಟಕ್ಕೆ ಹಿಂದಿನಂತೆಯೇ ಎರಡು ಕಿಟಕಿಗಳು. ಒಳಗೆ ಮಾತ್ರ ಒಂದನ್ನೊಂದು ಅರಿಯದ ಎರಡು ಬಫರುಗಳು. ಒಂದರಲ್ಲಿ ಉಳಿಸದ ತಿದ್ದುಪಡಿ ಇದ್ದರೆ ತಂತ್ರಾಂಶವು ಎಚ್ಚರಿಸುತ್ತದೆಂಬುದು ನಿಜ. ಆ ಎಚ್ಚರಿಕೆಯನ್ನು ಓದದೆ ಒಪ್ಪಿಗೆ ಕೊಡುವ ಅಭ್ಯಾಸವೂ ಅಷ್ಟೇ ನಿಜ. ಇದನ್ನು ತಪ್ಪಿಸಲು ಒಂದು ಇಮ್ಯಾಕ್ಸನ್ನು ಸರ್ವರ್ ಆಗಿ ನಡೆಸಿ, ಉಳಿದ ಕಿಟಕಿಗಳನ್ನು ‘ಇಮ್ಯಾಕ್ಸ್‌ಕ್ಲೈಂಟ್’ ಮೂಲಕ ತೆರೆಯಬೇಕು. ಆಗ ಕಿಟಕಿಗಳು ಎಷ್ಟೇ ಆದರೂ ಬಫರುಗಳೆಲ್ಲ ಒಂದೇ ಮನೆಯಲ್ಲಿರುತ್ತವೆ. ವಿಮ್ ತಂತ್ರಾಂಶವು ತೆರೆದ ಕಡತವನ್ನು ಮತ್ತೊಮ್ಮೆ ತೆರೆಯಹೋದಾಗಲೇ ತಡೆದು ಕೇಳುತ್ತದೆ. ವಿಂಡೋಸಿನ ಹಳೆಯ ನೋಟ್‌ಪ್ಯಾಡಿನಲ್ಲಿ ಅಂತಹ ತಡೆ ಇರಲಿಲ್ಲ. ಕೊನೆಗೆ ಉಳಿಸಿದವರ ಪಾಠವೇ ಉಳಿಯುತ್ತಿತ್ತು.

ಕಡೆಯದಾಗಿ ಹೆಸರಿನ ಪ್ರಶ್ನೆ. ಮೇಲಿನ ನಿಯಮವು ನಡೆಯುವುದೇ ಹೆಸರಿನ ಆಧಾರದಿಂದ. ಆದ್ದರಿಂದ 1902ರ ಪಾಠಕ್ಕೆ ‘ಮೂಲ-ಮಂಜರಾಬಾದು’ ಎಂದೂ ಪರಿಷ್ಕೃತ ಪಾಠಕ್ಕೆ ‘ಮೂಲ-ಸಕಲೇಶಪುರ’ ಎಂದೂ ಆರಂಭಿಸಿ ಆಯಾ ಸಂಪುಟದ ಶಾಸನಸಂಖ್ಯೆಯನ್ನು ಸೇರಿಸುವುದು, ಸ್ವಂತ ಓದಿಗೆ ‘ಕರಡು’ ಎಂದು ಹೆಸರಿಡುವುದು ಅನುಕೂಲ. ಎರಡು ಸಂಪುಟಗಳ ಸಂಖ್ಯೆಗಳು ಒಂದೇ ಎಂದು ಭಾವಿಸಬಾರದು. ಅವನ್ನು ಹೊಂದಿಸಿ ತೋರಿಸುವ ಪಟ್ಟಿಯೊಂದನ್ನು ಕರಡಿನ ಪಕ್ಕದಲ್ಲಿ ನಾಲ್ಕನೆಯ ಕಿಟಕಿಯಾಗಿ ತೆರೆದಿಟ್ಟುಕೊಳ್ಳಬಹುದು.