ಫಾರ್ಮ್ಯಾಟ್ ಮಾಡಿದ್ದೆ, ಅಮ್ಮನ ಪಾಸ್‌ಬುಕ್ ಅಲ್ಲೇ ಇತ್ತು!

ಕೊಚ್ಚಿಯ ಕಾಕ್ಕನಾಡಿನಿಂದ ತಿರುವನಂತಪುರದ ಟೆಕ್ನೋಪಾರ್ಕಿಗೆ ಕೆಲಸ ಬದಲಾಗಿ ಮನೆ ಖಾಲಿ ಮಾಡುತ್ತಿದ್ದೆ. ಗುಜರಿಗೆ ಇಲ್ಲಿ ‘ಆಕ್ರಿ’ ಎನ್ನುತ್ತಾರೆ. ಹಳೆ ಪತ್ರಿಕೆ, ಮುರಿದ ಫ್ಯಾನಿನ ಜೊತೆ ಎಂಟು ವರ್ಷದ ಲ್ಯಾಪ್‌ಟಾಪನ್ನೂ ಆಕ್ರಿಯವನಿಗೆಂದು ಎತ್ತಿಟ್ಟಿದ್ದೆ. ಫಾರ್ಮ್ಯಾಟ್ ಮಾಡಿ ಆಗಿದೆಯಲ್ಲ, ಇನ್ನೇನು ಭಯ?

‘ನಿಲ್ಲಿ ಚೇಟಾ’ ಎಂದ ಪಕ್ಕದ ಫ್ಲ್ಯಾಟಿನ ಹುಡುಗ, ಅದರ ಹಾರ್ಡ್‌ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಉಚಿತವಾಗಿ ಸಿಗುವ ರಿಕವರಿ ತಂತ್ರಾಂಶ ಓಡಿಸಿದ. ಚಹಾ ಮುಗಿಯುವಷ್ಟರಲ್ಲಿ ಅಮ್ಮನ ಪಾಸ್‌ಬುಕ್, ತಂಗಿಯ ಆಧಾರ್, ಜಮೀನಿನ ಪಹಣಿ, ತೀರಿಕೊಂಡ ಅಪ್ಪನ ಆಸ್ಪತ್ರೆ ವರದಿಗಳು ಒಂದೊಂದಾಗಿ ಎದ್ದು ಬಂದವು. ಹೊರನಾಡಿನಲ್ಲಿರುವ ಮಗನೇ ಮನೆಯ ಕಚೇರಿ. ಊರಿನ ಕಾಗದವೆಲ್ಲ ಸ್ಕ್ಯಾನ್ ಆಗಿ ನಮ್ಮಲ್ಲಿಗೇ ಬರುತ್ತದಲ್ಲ.

ಕ್ವಿಕ್ ಫಾರ್ಮ್ಯಾಟ್ ಎಂದರೆ ಪುಸ್ತಕದ ಪರಿವಿಡಿಯನ್ನಷ್ಟೇ ಹರಿದಂತೆ. ಪುಟಗಳು ಹಾಗೇ ಇರುತ್ತವೆ. ಅಮೆರಿಕದ ಇಬ್ಬರು ಸಂಶೋಧಕರು 158 ಹಳೆ ಡಿಸ್ಕ್ ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಓದಲು ಸಾಧ್ಯವಾದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ನಾನೀಗ ಬಂದಿರುವ ತಿರುವನಂತಪುರದಲ್ಲೇ ಸಿ-ಡ್ಯಾಕ್ ಸಂಸ್ಥೆ ‘ಸೈಬರ್‌ಚೆಕ್’ ಎಂಬ ತಂತ್ರಾಂಶ ರೂಪಿಸಿದೆ. ಅಳಿಸಿದ ಫೈಲ್‌ಗಳನ್ನು ಮೇಲೆತ್ತುವುದೂ ಅದರ ಕೆಲಸ. ತನಿಖೆಗೆ ಅದು ವರ, ಕಳ್ಳನ ಕೈಗೆ ಅಂಥದ್ದೇ ವಿದ್ಯೆ ಸಿಕ್ಕರೆ?

ಹಾಗೆಂದು 35 ಬಾರಿ ಮೇಲೆ ಬರೆಯಬೇಕೆಂಬ ಹಳೆ ಮಾತನ್ನು ನಂಬಬೇಡಿ. 1996ರಲ್ಲಿ ಅದನ್ನು ಹೇಳಿದ ಪೀಟರ್ ಗುಟ್‌ಮನ್ ಅವರೇ, ಈಗಿನ ಡಿಸ್ಕ್‌ಗಳಿಗೆ ಅದು ಬೇಕಿಲ್ಲ ಎಂದಿದ್ದಾರೆ. ಹಾರ್ಡ್‌ಡಿಸ್ಕ್ ಆದರೆ ಪೂರ್ತಿಯಾಗಿ ಒಮ್ಮೆ ಸೊನ್ನೆ ತುಂಬಿಸಿದರೆ ಸಾಕು. ಬೇರೆ ಕಂಪ್ಯೂಟರಿಗೆ ಜೋಡಿಸಿ, ವಿಂಡೋಸ್‌ನಲ್ಲಿ ‘ಕ್ವಿಕ್’ ಗುರುತು ತೆಗೆದು ಫಾರ್ಮ್ಯಾಟ್ ಕೊಟ್ಟರೆ ಅದೇ ಆಗುತ್ತದೆ.

ಎಸ್‌ಎಸ್‌ಡಿ ಮಾತ್ರ ಬೇರೆ ಜಾತಿ. ಸವೆತ ಹಂಚಲು ಅದು ದತ್ತಾಂಶವನ್ನು ಜಾಗ ಬದಲಿಸುತ್ತಾ ಇಡುತ್ತದೆ; ನೀವು ಮೇಲೆ ಬರೆದರೂ ಹಳೆ ಪ್ರತಿ ಯಾವುದೋ ಮೂಲೆಯಲ್ಲಿ ಉಳಿಯಬಹುದು. ಅದಕ್ಕೆ ತಯಾರಕರೇ ಕೊಡುವ ‘ಸೆಕ್ಯೂರ್ ಎರೇಸ್’ ಬಳಸಬೇಕು. ಕೊಂಡ ದಿನವೇ ಎನ್‌ಕ್ರಿಪ್ಷನ್ ಹಾಕಿಟ್ಟರೆ ಇನ್ನೂ ಸುಲಭ: ಮಾರುವಾಗ ಕೀಲಿ ನಾಶ ಮಾಡಿದರೆ ಉಳಿದದ್ದು ಯಾರಿಗೂ ಅರ್ಥವಾಗದ ಕಸ.

ನನ್ನ 500 ಜಿಬಿ ಡಿಸ್ಕಿಗೆ ಸೊನ್ನೆ ತುಂಬಲು ಸುಮಾರು ಎರಡು ಗಂಟೆ ಹಿಡಿಯಿತು. ಶುರು ಮಾಡುವ ಮುನ್ನ, ಎಂದೋ ಕಳೆದುಹೋಯಿತೆಂದುಕೊಂಡಿದ್ದ ಅಪ್ಪನ ಒಂದು ಫೋಟೊವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ.