ಹೇರು ಎಳೆಯುವುದು ಯಾವ ಸಂಖ್ಯೆ?

ತಂಗಡಗಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಕೃಷ್ಣೆಯ ದಂಡೆಯಲ್ಲಿ ಹೊಲ, ಕಬ್ಬು ಮತ್ತು ಉಳ್ಳಾಗಡ್ಡಿಯ ಬೆಳೆ. ಹಳೆಯ ಟಂಟಂ ಮಾರಿ ಪಿಕಪ್ ತರುವ ವಿಚಾರದಲ್ಲಿದ್ದಾರೆ. "ಸರ್, ನಮ್ಮ ಓಣ್ಯಾಗ ದಿನಾ ಇದ ವಾದ ನಡದೈತ್ರಿ. ಒಬ್ಬಾಂವ ಬೊಲೆರೊ ಅಂತಾನ, ಒಬ್ಬಾಂವ ಟಾಟಾ ಯೋಧಾ ಅಂತಾನ, ಮತ್ತೊಬ್ಬಾಂವ ಬಡಾ ದೋಸ್ತ್ ಅಂತಾನ. ಯಾವ ಇಂಜಿನ್ನಿಗೆ ತಾಕತ್ ಹೆಚ್ಚು ಅನ್ನೂದು ವಿಜ್ಞಾನದ ಪ್ರಕಾರ ಹೇಳ್ರಿ. ಕರೇ ಹೊಗಿ ಬಿಡೂ ಗಾಡಿಗೇ ಜೋರು ಹೆಚ್ಚು ಅಂತಾರಲ್ಲ, ಅದು ಖರೇನ್ರಿ?"

ಇಷ್ಟು ಚೊಕ್ಕವಾದ ಪ್ರಶ್ನೆ ಅಪರೂಪಕ್ಕೆ ಬರುತ್ತದೆ. ಕೊನೆಯ ವಾಕ್ಯದಲ್ಲಂತೂ ಒಂದು ಇಡೀ ಪಾಠ ಅಡಗಿದೆ.

ಮೊದಲು ಕಂಪನಿಗಳು ಹೇಳುವ ಲೆಕ್ಕ ನೋಡೋಣ. ಮಹೀಂದ್ರಾದ ಬೊಲೆರೊ ಮ್ಯಾಕ್ಸ್ ಪಿಕಪ್‌ನಲ್ಲಿರುವುದು 2,523 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನ್. 2023ರಲ್ಲಿ ಬಂದ ಸಾಲಿನ ಸಾಮಾನ್ಯ ಮಾದರಿಗೆ 52.2 ಕಿಲೊವ್ಯಾಟ್, ಅಂದರೆ 70 ಎಚ್‌ಪಿ. ತಿರುಗುಬಲ 200 ಎನ್‌ಎಂ. ಭಾರಿ ಹೇರಿನ ಎಚ್‌ಡಿ ಮಾದರಿಗೆ 80 ಎಚ್‌ಪಿ, 220 ಎನ್‌ಎಂ. 2022ರ ಸೆಪ್ಟೆಂಬರಿನಲ್ಲಿ ಬಂದ ಟಾಟಾ ಯೋಧಾ 2.0ಕ್ಕೆ 2.2 ಲೀಟರಿನ ಇಂಜಿನ್, 100 ಎಚ್‌ಪಿ, 250 ಎನ್‌ಎಂ. ಹೊರುವ ಭಾರ ಎರಡು ಟನ್. ಅಶೋಕ್ ಲೇಲ್ಯಾಂಡ್ 2020ರಲ್ಲಿ ತಂದ ಬಡಾ ದೋಸ್ತ್‌ನದು ಮೂರೇ ಸಿಲಿಂಡರಿನ, ಬರೀ ಒಂದೂವರೆ ಲೀಟರಿನ ಇಂಜಿನ್. ಆದರೂ 80 ಎಚ್‌ಪಿ, 190 ಎನ್‌ಎಂ.

ಸಿಸಿ ಹೆಚ್ಚಿದ್ದರೆ ಶಕ್ತಿಯೂ ಹೆಚ್ಚು ಎನ್ನುವವರ ವಾದ ಇಲ್ಲೇ ಮುಗಿಯಿತು. ಒಂದೂವರೆ ಲೀಟರಿನ ಇಂಜಿನ್ ಎರಡೂವರೆ ಲೀಟರಿನ ಇಂಜಿನ್ನಿಗಿಂತ ಹತ್ತು ಎಚ್‌ಪಿ ಮುಂದಿದೆ. ಹಾಗಾದರೆ ಬೊಲೆರೊಗಿಂತ ಬಡಾ ದೋಸ್ತ್ ಹೆಚ್ಚು ಎಳೆಯುತ್ತದೆಯೇ? ತಾಳಿ. ಶೋರೂಮಿನ ಕಾಗದದಲ್ಲಿ ಎಚ್‌ಪಿಯ ಮುಂದೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ. ಆ 80 ಎಚ್‌ಪಿ ಸಿಗುವುದು ಇಂಜಿನ್ ನಿಮಿಷಕ್ಕೆ 3,300 ಸುತ್ತು ತಿರುಗಿದಾಗ. ಬೊಲೆರೊದ 70 ಸಿಗುವುದು 3,200 ಸುತ್ತಿನಲ್ಲಿ. ಯೋಧಾದ 100 ಬೇಕೆಂದರೆ ಇನ್ನೂ ಮೇಲೆ, 3,750ಕ್ಕೆ ಹೋಗಬೇಕು. ಒಂದೂವರೆ ಟನ್ ಉಳ್ಳಾಗಡ್ಡಿ ಹೇರಿಕೊಂಡು ಹೊಳೆದಂಡೆಯಿಂದ ಮುದ್ದೇಬಿಹಾಳದ ಕಡೆ ಏರುತ್ತಿರುವ ಡ್ರೈವರ್ ಇಂಜಿನ್ನನ್ನು ಅಷ್ಟು ಕಿರುಚಿಸುತ್ತಾನೆಯೇ? ಇಲ್ಲ. ಅನುಭವವಿರುವವನ ಕಾಲು 1,500–2,000 ಸುತ್ತಿನ ನಡುವೆಯೇ ನಿಂತಿರುತ್ತದೆ.

ಆದ್ದರಿಂದ ಮೂರೂ ಇಂಜಿನ್ನುಗಳನ್ನು ಅದೇ ಜಾಗದಲ್ಲಿ, 1,600 ಸುತ್ತಿನಲ್ಲಿ ನಿಲ್ಲಿಸಿ ಹೋಲಿಸೋಣ. ಎನ್‌ಎಂ ಅನ್ನು ಸುತ್ತುಗಳಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೊವ್ಯಾಟ್ ಬರುತ್ತದೆ, ಅದನ್ನು 0.746ರಿಂದ ಭಾಗಿಸಿದರೆ ಎಚ್‌ಪಿ. ಬೊಲೆರೊದ ಪೂರ್ತಿ 200 ಎನ್‌ಎಂ 1,400ರಿಂದ 2,200 ಸುತ್ತಿನವರೆಗೆ ಸಿಗುತ್ತದೆ. ಬಡಾ ದೋಸ್ತ್‌ನ 190 ಶುರುವಾಗುವುದೇ 1,600ರಲ್ಲಿ. ಯೋಧಾದ 250 ಸಿಗುವುದು 1,000ದಿಂದ 2,500ರವರೆಗೆ. ಲೆಕ್ಕ ಹಾಕಿದರೆ ಬೊಲೆರೊಗೆ ಸುಮಾರು 45 ಎಚ್‌ಪಿ, ಬಡಾ ದೋಸ್ತ್‌ಗೆ 43, ಯೋಧಾಗೆ 56. ಕಾಗದದ ಮೇಲೆ ಹತ್ತು ಎಚ್‌ಪಿ ಹಿಂದಿದ್ದ ಬೊಲೆರೊ ಏರಿನಲ್ಲಿ ಎರಡು ಎಚ್‌ಪಿ ಮುಂದೆ ಬಂತು! ಈ ಲೆಕ್ಕ ಮಾಡುವಾಗಲೆಲ್ಲ ನನಗೆ ಖುಷಿಯಾಗುತ್ತದೆ. ಸಾವಿರಾರು ಗೆಳೆಯರ ಜಗಳಕ್ಕೆ ಕಾರಣವಾದ ಸಂಖ್ಯೆ ಒಂದೇ ಗುಣಾಕಾರಕ್ಕೆ ತಲೆಕೆಳಗಾಗುತ್ತದೆ.

ವಿಜಯಪುರ ಜಿಲ್ಲೆಯ ಒಕ್ಕಲಿಗರಿಗೆ ಇದು ಹೊಸ ವಿಚಾರವೇನಲ್ಲ. ಖಿಲಾರಿ ಎತ್ತು ಯಾವುದಕ್ಕೆ, ಕೃಷ್ಣಾ ಕಣಿವೆಯ ಎತ್ತು ಯಾವುದಕ್ಕೆ ಎಂಬುದು ಅವರಿಗೆ ತಲೆಮಾರುಗಳಿಂದ ಗೊತ್ತು. ಖಿಲಾರಿ ತೆಳ್ಳಗೆ, ಚುರುಕು. ಚಕ್ಕಡಿ ಕಟ್ಟಿದರೆ ಜಾತ್ರೆಗೆ ಓಡಿಸಿಕೊಂಡು ಹೋಗುತ್ತದೆ. ಕೃಷ್ಣಾ ಕಣಿವೆಯ ಎತ್ತು ದೊಡ್ಡ ಮೈಯದು, ನಡಿಗೆ ನಿಧಾನ. ಆದರೆ ಹಸಿ ಎರೆಭೂಮಿಯಲ್ಲಿ ಕುಂಟೆ ಸಿಕ್ಕಿದಾಗ ನಿಂತ ಜಾಗದಿಂದಲೇ ಮುಂದಕ್ಕೆಳೆಯುವುದು ಅದೇ. ಎಚ್‌ಪಿ ಖಿಲಾರಿಯ ಗುಣ, ಕೆಳಸುತ್ತಿನ ಎನ್‌ಎಂ ಕೃಷ್ಣಾ ಕಣಿವೆಯ ಗುಣ. ಅಷ್ಟು ಒಳ್ಳೆಯ ತಳಿ ಈಗ ಬೆರಳೆಣಿಕೆಗೆ ಇಳಿಯುತ್ತಿರುವುದು ಬೇರೆಯದೇ ದುಃಖ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಎಚ್‌ಪಿ ಬೇಡವೇ ಬೇಡವೇ? ವೇಗಕ್ಕೆ ಬೇಕು. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗ ಎರಡು ಪಟ್ಟಾದರೆ ಎಂಟು ಪಟ್ಟಾಗುತ್ತದೆ. ಆದರೆ ನಮ್ಮ ದೇಶದಲ್ಲಿ 2015ರ ಅಕ್ಟೋಬರಿನಿಂದೀಚೆಗೆ ತಯಾರಾದ ಸರಕು ಗಾಡಿಗಳಿಗೆ ಗಂಟೆಗೆ 80 ಕಿಲೋಮೀಟರಿನ ವೇಗಮಿತಿ ಸಾಧನ ಕಡ್ಡಾಯ. ಸರಕು ಸೇರಿ ಮೂರೂವರೆ ಟನ್ ತೂಗುವ ಪಿಕಪ್ ಸಮತಟ್ಟು ರಸ್ತೆಯಲ್ಲಿ ಆ 80ರಲ್ಲಿ ಓಡಲು ನನ್ನ ಅಂದಾಜಿನಲ್ಲಿ 30–35 ಎಚ್‌ಪಿ ಸಾಕು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ದಾರಿಯನ್ನು 20 ಕಿಲೋಮೀಟರ್ ವೇಗದಲ್ಲಿ ಹತ್ತಲೂ ಹೆಚ್ಚುಕಡಿಮೆ ಅಷ್ಟೇ. ಉಳಿದದ್ದು ಓವರ್‌ಟೇಕ್ ಮಾಡುವ ಆ ಕೆಲವು ಸೆಕೆಂಡುಗಳಿಗೆ. 70 ಹೆಚ್ಚೋ 100 ಹೆಚ್ಚೋ ಎಂದು ಕಟ್ಟೆಯ ಮೇಲೆ ಕೂತು ಕಾದಾಡುವವರು ಆ 70ನ್ನೂ ದಿನದಲ್ಲಿ ಎಷ್ಟು ಹೊತ್ತು ಬಳಸುತ್ತೇವೆ ಎಂದು ಕೇಳಿಕೊಳ್ಳುವುದಿಲ್ಲ.

ಇನ್ನು ಹೊಗೆ. ಅದಕ್ಕೆ ಮೊದಲು ಇಂಜಿನ್ನಿನೊಳಗೆ ನಡೆಯುವ ಒಂದು ಸೋಜಿಗ ಹೇಳಬೇಕು. ನನಗೆ ಈ ಯಂತ್ರದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಭಾಗ ಅದು.

ಹಳೆಯ ಡೀಸೆಲ್ ಗಾಡಿಗಳ ಪಂಪು, ನಾಝಲ್ ರಿಪೇರಿ ಮಾಡುವ ಅಂಗಡಿಯಲ್ಲಿ ನಾಝಲ್ ಪರೀಕ್ಷೆ ಮಾಡುವುದನ್ನು ನೋಡಿದ್ದೀರಾ? ಮೇಸ್ತ್ರಿ ನಾಝಲನ್ನು ಒಂದು ಕೈಪಂಪಿಗೆ ಸಿಕ್ಕಿಸಿ, ಹಿಡಿಕೆಯನ್ನು ಜೋರಾಗಿ ಒತ್ತುತ್ತಾನೆ. ಮೀಟರಿನ ಮುಳ್ಳು 200 ಬಾರ್ ಹತ್ತಿರ ಹೋಗುತ್ತಿದ್ದಂತೆ 'ಚರ್ರ್' ಎಂಬ ಸದ್ದು, ನಾಝಲಿನ ತುದಿಯಿಂದ ನಾಲ್ಕೈದು ಕಡೆಗೆ ಬೆಳ್ಳನೆಯ ಮಂಜು. ಮಂಜು ಸರಿಯಾಗಿ ಹರಡಿದರೆ ನಾಝಲ್ ಪಾಸು; ತುದಿಯಲ್ಲಿ ಒಂದು ಹನಿ ತೂಗಿದರೂ ಫೇಲು. "ಹನಿ ಬೀಳಬಾರದ್ರಿ, ಹಬಿ ಹಾರಬೇಕು" ಎಂದ ಮೇಸ್ತ್ರಿಯ ಮಾತಿನಲ್ಲಿ ಡೀಸೆಲ್ ವಿಜ್ಞಾನದ ಸಾರವೇ ಇದೆ. ಆತ ಆ ಮಂಜಿನ ಮುಂದೆ ಬೆರಳು ತರಲು ಯಾರನ್ನೂ ಬಿಡುವುದಿಲ್ಲ. ಬಿಡಬಾರದು ಕೂಡ. ಆ ಒತ್ತಡದಲ್ಲಿ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಂಡರೂ ಒಳಗೆ ಬೆರಳೇ ಹೋಗುವಷ್ಟು ಅಪಾಯ. ಹಾಗೇನಾದರೂ ಆದರೆ ಅರಿಶಿನ ಮೆತ್ತಿಕೊಂಡು ಕೂರದೆ ಕೂಡಲೇ ದವಾಖಾನೆಗೆ ಓಡಬೇಕು.

ಅದು ಹಳೆಯ 200 ಬಾರಿನ ಮಾತು. ಆ ಪಂಪುಗಳನ್ನು ನಮ್ಮ ಕಡೆ ಈಗಲೂ ಮೈಕೋ ಪಂಪ್ ಎಂದೇ ಕರೆಯುತ್ತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿಯೇ ಇವತ್ತಿನ ಬಾಷ್. ಈಗಿನ ಪಿಕಪ್‌ಗಳ ಕಾಮನ್ ರೇಲ್ ವ್ಯವಸ್ಥೆಯಲ್ಲಿ ಡೀಸೆಲ್ ಒಂದು ಗಟ್ಟಿ ಉಕ್ಕಿನ ಕೊಳವೆಯಲ್ಲಿ 1,600 ಬಾರ್ ಆಸುಪಾಸಿನ ಒತ್ತಡದಲ್ಲಿ ಕಾದು ನಿಂತಿರುತ್ತದೆ. ನಮ್ಮ ಪಕ್ಕದ ಆಲಮಟ್ಟಿ ಅಣೆಕಟ್ಟೆಯ ಹಿಂದೆ 50 ಮೀಟರ್ ನೀರು ನಿಂತರೂ ತಳದಲ್ಲಿ ಆ ನೀರಿನ ಒತ್ತಡ ಐದೇ ಬಾರ್. ಭೂಮಿಯ ಮೇಲಿನ ಅತಿ ಆಳದ ಕಡಲತಳ, ಸುಮಾರು 11 ಕಿಲೋಮೀಟರ್ ಕೆಳಗಿನ ಮರಿಯಾನಾ ಕಂದಕದಲ್ಲಿ ಸುಮಾರು 1,100 ಬಾರ್. ಉಳ್ಳಾಗಡ್ಡಿ ಹೊರುವ ಗಾಡಿಯ ಬಾನೆಟ್ಟಿನ ಕೆಳಗೆ ಅದಕ್ಕಿಂತ ಹೆಚ್ಚು!

ಒಂದೊಂದು ಸಲಕ್ಕೆ ಸಿಲಿಂಡರಿಗೆ ಹೋಗುವ ಡೀಸೆಲ್ ಎಷ್ಟು? ಪೂರ್ತಿ ಜೋರಿನಲ್ಲಿ 1,600 ಸುತ್ತಿನಲ್ಲಿರುವ ಎರಡೂವರೆ ಲೀಟರಿನ ಇಂಜಿನ್ನಿಗೆ ಲೆಕ್ಕ ಹಾಕಿದರೆ ಒಂದು ಮಿಲಿಲೀಟರಿನ ಇಪ್ಪತ್ತನೇ ಒಂದು ಪಾಲು ಬರುತ್ತದೆ. ಅಂದರೆ ಒಂದೇ ಒಂದು ಹನಿ. ಸೆಕೆಂಡಿಗೆ ಇಂಥ 53 ಹನಿಗಳು. ಇಂಜೆಕ್ಟರ್ ಆ ಒಂದು ಹನಿಯನ್ನೂ ಇಡಿಯಾಗಿ ಹಾಕುವುದಿಲ್ಲ. ಮೊದಲು ಚೂರೇ ಚೂರು ಚಿಮುಕಿಸಿ ಉರಿ ಹೊತ್ತಿಸುತ್ತದೆ, ಆಮೇಲೆ ಮುಖ್ಯ ಪಾಲು ಬಿಡುತ್ತದೆ. ಇದೆಲ್ಲ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲುಗಳೊಳಗೆ ಮುಗಿಯುತ್ತದೆ. ಹಳೆಯ ಡೀಸೆಲ್ ಜೀಪು ಕಟಕಟ ಎಂದು ಓಣಿಯನ್ನೆಲ್ಲ ಎಬ್ಬಿಸುತ್ತಿತ್ತಲ್ಲ, ಅದು ಒಳಗೆ ಬಿದ್ದ ಡೀಸೆಲ್ ಒಮ್ಮೆಲೇ ಭಗ್ಗೆಂದು ಹತ್ತಿಕೊಳ್ಳುತ್ತಿದ್ದ ಸದ್ದು. ಈಗಿನ ಗಾಡಿಯ ಸದ್ದು ತಗ್ಗಿರುವುದು ಮುಖ್ಯವಾಗಿ ಆ ಮೊದಲ ಚಿಮುಕಿನ ಪುಣ್ಯ. ಸದ್ದು ಕಡಿಮೆಯಾಯಿತೆಂದು ಶಕ್ತಿಯೂ ಕಡಿಮೆಯಾಯಿತು ಎನ್ನುವವರು ಇದನ್ನು ಗಮನಿಸಬೇಕು.

ಆ ಹನಿ ಉರಿಯಲು ಗಾಳಿ ಬೇಕು. ಒಂದು ಕಿಲೊ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೊ ಗಾಳಿ. ಒಂದು ಲೀಟರ್ ಡೀಸೆಲ್ಲಿಗೆ ಹತ್ತು ಘನ ಮೀಟರ್, ಒಂದು ಸಣ್ಣ ಕೋಣೆಯ ತುಂಬ ಗಾಳಿ! ಪಂಪಿನಲ್ಲಿ ನಾವು ಡೀಸೆಲ್ಲಿಗೆ ಮಾತ್ರ ರೊಕ್ಕ ಕೊಡುತ್ತೇವೆ, ಅದಕ್ಕೇ ಗಾಳಿಯನ್ನು ಮರೆಯುತ್ತೇವೆ. ಗಾಳಿ ಸಾಲದೆ ಡೀಸೆಲ್ ಹೆಚ್ಚಾದರೆ ಅರ್ಧ ಬೆಂದ ಇಂಗಾಲ ಮಸಿಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಕರೀ ಹೊಗೆ ಎಂದರೆ ಇದೇ. ಗಾಡಿಯನ್ನು ಎಳೆಯಬೇಕಿದ್ದ ಡೀಸೆಲ್ ಹಾಗೆಯೇ ರಸ್ತೆಗೆ ಹಾರಿತು. ನೀವು ರೊಕ್ಕ ಕೊಟ್ಟು ತಂದ ಶಕ್ತಿ ಅದು, ಹಿಂದೆ ಬರುವ ಬೈಕಿನವರ ಪುಪ್ಪುಸಕ್ಕೆ ಹೋಗುತ್ತಿದೆ.

ಹಳೆಯ ಗಾಡಿಗಳ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚು ಬಿಡಿಸಿಕೊಳ್ಳುವ ಚಟ ನಮ್ಮಲ್ಲಿ ಬಹಳ. ಹಾಗೆ ಮಾಡಿದಾಗ ಜೋರು ತುಸು ಹೆಚ್ಚಿದ್ದೂ ಉಂಟು, ಹೊಗೆ ಎದ್ದಿದ್ದೂ ಉಂಟು. ಹೊಗೆಯೇ ಜೋರಿನ ಗುರುತು ಎಂಬ ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ. ಪಿಸ್ಟನ್ ಸುಟ್ಟು ಇಂಜಿನ್ ಬಿಚ್ಚಬೇಕಾಗಿ ಬಂದ ದಿನ ಮಾತ್ರ ಆ ಸ್ಕ್ರೂ ಯಾರಿಗೂ ನೆನಪಾಗುವುದಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಹೊಸ ಡೀಸೆಲ್ ಪಿಕಪ್ ಕರೀ ಹೊಗೆ ಬಿಡಲೇಬಾರದು. ಮಸಿಯನ್ನು ಹಿಡಿದಿಟ್ಟು ಸುಡುವ ಫಿಲ್ಟರೇ ಅದರಲ್ಲಿದೆ. ಬಿಎಸ್ 6 ಗಾಡಿ ಕಪ್ಪು ಹೊಗೆ ಉಗುಳಿತೆಂದರೆ ಏನೋ ಕೆಟ್ಟಿದೆ, ಇಲ್ಲವೇ ಯಾರೋ ಆ ಫಿಲ್ಟರ್ ಕಿತ್ತು ಹಾಕಿದ್ದಾರೆ.

ಇಲ್ಲಿ ನಮ್ಮ ಸೀಮೆಗೆ ತಕ್ಕ ಒಂದು ಮಾತು. ಬೇಸಿಗೆಯಲ್ಲಿ ಎರೆಭೂಮಿಯ ಧೂಳು ಹಿಟ್ಟಿನಂತೆ ಏಳುತ್ತದೆ. ಹೊಲದ ದಾರಿಯಲ್ಲಿ ಓಡಾಡುವ ಗಾಡಿಯ ಏರ್ ಫಿಲ್ಟರ್ ಕಂಪನಿಯ ಪುಸ್ತಕ ಹೇಳಿದ ಕಿಲೋಮೀಟರಿಗೆ ಬಹಳ ಮೊದಲೇ ಕಟ್ಟಿಕೊಳ್ಳುತ್ತದೆ. ಈಗಿನ ಇಂಜಿನ್ನಿನ ಕಂಪ್ಯೂಟರ್ ಒಳಬಂದ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಡೀಸೆಲ್ ಬಿಡುವುದರಿಂದ, ಫಿಲ್ಟರ್ ಕಟ್ಟಿದರೆ ಗಾಡಿ ಸದ್ದಿಲ್ಲದೆ ಸೊರಗುತ್ತದೆ. "ಕೊಂಡಾಗಿನ ಜೋರು ಈಗಿಲ್ಲ" ಎಂದು ಮಾಲೀಕರು ಬ್ರ್ಯಾಂಡನ್ನು ಬೈಯುತ್ತಾರೆ. ಬಾನೆಟ್ ಎತ್ತಿ ಆ ಡಬ್ಬಿ ತೆರೆದು ನೋಡಿ. ಫಿಲ್ಟರಿನ ಮಡಿಕೆಗಳಲ್ಲಿ ನಿಮ್ಮದೇ ಹೊಲದ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ.

ಗಾಡಿ ಸೊರಗಿತೆಂದು ಅಮಾವಾಸ್ಯೆಗೆ ಲಿಂಬೆಹಣ್ಣು ಚಕ್ರದ ಕೆಳಗಿಟ್ಟು ತುಳಿಸುವವರನ್ನೂ ನೋಡಿದ್ದೇನೆ. ದೃಷ್ಟಿ ತಾಗಿದೆಯಂತೆ! ಭೌಗೋಳಿಕ ಗುರುತು ಪಡೆದ ಇಂಡಿ ಲಿಂಬೆ ನಮ್ಮ ಜಿಲ್ಲೆಯ ಹೆಮ್ಮೆ. ಅದನ್ನು ಬೆಳೆಯಲು ರೈತ ಪಡುವ ಪಾಡನ್ನು ಬಲ್ಲವರು ಅದನ್ನು ಟೈರಿನ ಕೆಳಗೆ ಜಜ್ಜಬಾರದು. ನೀಲಾಂಬಿಕೆಯ ಐಕ್ಯಸ್ಥಳವೆಂದು ಜನ ಕೈಮುಗಿಯುವ ಊರು ತಂಗಡಗಿ, ಹತ್ತಿರದಲ್ಲೇ ಕೂಡಲಸಂಗಮ. ಮೂಢನಂಬಿಕೆಯನ್ನು ನೇರವಾಗಿ ಖಂಡಿಸಿದ ಶರಣರ ನೆಲದಲ್ಲಿ ಇಂಜಿನ್ನಿಗೆ ದೃಷ್ಟಿ ತೆಗೆಯುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಅದೇ ಅಮಾವಾಸ್ಯೆಯ ದಿನ ಟೈರಿನ ಗಾಳಿ ನೋಡಿ, ಏರ್ ಫಿಲ್ಟರ್ ಕೊಡವಿ, ಡೀಸೆಲ್ ಫಿಲ್ಟರಿನ ನೀರು ಬಸಿದರೆ ಗಾಡಿಗೆ ಸಲ್ಲಬೇಕಾದ ಪೂಜೆ ಸಂದ ಹಾಗೆ.

ಓದುಗರಿಗೆ ಕೊಡುವ ಉತ್ತರ ಇಷ್ಟು. ಬರೀ ಇಂಜಿನ್ ಮಾತಾದರೆ, ಹೇರಿನ ಕೆಲಸಕ್ಕೆ ಯೋಧಾ 2.0 ಮುಂದಿದೆ. ಕಾರಣ ಅದರ 100 ಎಚ್‌ಪಿಯಲ್ಲ, ಸಾವಿರ ಸುತ್ತಿನಿಂದಲೇ ಸಿಗುವ ಆ 250 ಎನ್‌ಎಂ. ಬೊಲೆರೊದ ಹಳೆಯ ಕಾಲದ ದೊಡ್ಡ ಇಂಜಿನ್ ಎಚ್‌ಪಿಯಲ್ಲಿ ಹಿಂದಿದ್ದರೂ ಕೆಳಸುತ್ತಿನಲ್ಲಿ ನಂಬಿಗಸ್ತ. ಬಡಾ ದೋಸ್ತ್‌ನ ಒಂದೂವರೆ ಲೀಟರಿನ ಇಂಜಿನ್ ಎಂಜಿನಿಯರುಗಳ ಜಾಣ್ಮೆಗೆ ಒಳ್ಳೆಯ ಉದಾಹರಣೆ. ಹೆದ್ದಾರಿಯಲ್ಲಿ ಮುದ್ದೇಬಿಹಾಳ, ವಿಜಯಪುರ ಎಂದು ಓಡುವವರಿಗೆ ಅದು ಚೆನ್ನ, ಹಸಿ ಹೊಲದಿಂದ ಹೇರು ಹೊರತರುವವರು ಇನ್ನೊಮ್ಮೆ ಯೋಚಿಸಲಿ. ಗೇರಿನ ಅನುಪಾತ, ಟೈರು, ಹತ್ತಿರದಲ್ಲಿ ಸಿಗುವ ಮೇಸ್ತ್ರಿ, ಬಿಡಿಭಾಗದ ಬೆಲೆ ಇವೂ ಲೆಕ್ಕಕ್ಕೆ ಬರುತ್ತವೆ.

ಶೋರೂಮಿನವರು ಟೆಸ್ಟ್ ಡ್ರೈವಿಗೆ ಖಾಲಿ ಗಾಡಿ ಕೊಡುತ್ತಾರೆ. ಖಾಲಿ ಗಾಡಿಗಳೆಲ್ಲ ಚೆನ್ನಾಗಿಯೇ ಓಡುತ್ತವೆ. ನೀವು ಒಂದು ಟನ್ನಿನಷ್ಟಾದರೂ ಚೀಲ ಹೇರಿಸಿ, ಏರಿನ ನಡುವೆ ನಿಲ್ಲಿಸಿ, ಎಕ್ಸಿಲೇಟರ್ ಹೆಚ್ಚು ಒತ್ತದೆ ಮತ್ತೆ ಎಬ್ಬಿಸಿ ನೋಡಿ. ಹಾಗೆ ನೋಡಲು ಒಪ್ಪದ ಡೀಲರ್ ಬಳಿ ಗಾಡಿ ಕೊಳ್ಳಬೇಡಿ.