ಕಾಳುಮೆಣಸಿನ ಸಣ್ಣ ಬೆಳೆಗಾರರು ಮತ್ತು ಕೃಷಿ ಮಾಹಿತಿಯ ಹಾದಿಗಳು

ಮಲೆನಾಡು, ಕೊಡಗು ಹಾಗೂ ಕರಾವಳಿಯ ಸಣ್ಣ ಹಿಡುವಳಿಗಳಲ್ಲಿ ಕಾಳುಮೆಣಸು ಅಡಿಕೆ ಮರಕ್ಕೋ ಕಾಫಿ ತೋಟದ ನೆರಳುಮರಕ್ಕೋ ಹಬ್ಬಿದ ಉಪಬೆಳೆಯಾಗಿರುವುದೇ ಹೆಚ್ಚು. ಆದ್ದರಿಂದ ಅದರ ಬಗೆಗಿನ ತಿಳಿವಳಿಕೆಯೂ ಬಹುಮಟ್ಟಿಗೆ ಮುಖ್ಯ ಬೆಳೆಯ ಆಸರೆಯಲ್ಲಿಯೇ ರೈತರನ್ನು ತಲುಪುತ್ತ ಬಂದಿದೆ. ಬೋರ್ಡೋ ದ್ರಾವಣ ಇದಕ್ಕೆ ಉತ್ತಮ ನಿದರ್ಶನ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, ಈ ದ್ರಾವಣದ ಸಿಂಪಡಣೆಯನ್ನು ಪ್ರಚುರಪಡಿಸಿದರು. ಅಡಿಕೆಗಾಗಿ ಕಲಿತ ಈ ವಿದ್ಯೆ ಮುಂದೆ ಮೆಣಸಿನ ಬಳ್ಳಿಗೂ ಒದಗಿತು.

ರೈತರು ಮಾಹಿತಿಗಾಗಿ ಯಾರನ್ನು ಆಶ್ರಯಿಸುತ್ತಾರೆ ಎಂಬ ಪ್ರಶ್ನೆಗೆ 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಸ್ಪಷ್ಟ ಚಿತ್ರವನ್ನು ನೀಡುತ್ತದೆ. ದೇಶದ ರೈತ ಕುಟುಂಬಗಳಲ್ಲಿ ಪ್ರಗತಿಪರ ರೈತರಿಂದ ಮಾಹಿತಿ ಪಡೆದವು ಶೇ. 16.7; ಗೊಬ್ಬರ, ಔಷಧಿ ಮೊದಲಾದ ಪರಿಕರಗಳ ಮಾರಾಟಗಾರರಿಂದ ಪಡೆದವು ಶೇ. 13.1, ರೇಡಿಯೋದಿಂದ ಶೇ. 13. ವಿಸ್ತರಣಾ ಕಾರ್ಯಕರ್ತರಿಂದ ಪಡೆದವು ಕೇವಲ ಶೇ. 5.7. ಅಂದರೆ ನೆರೆಯ ತೋಟ ಮತ್ತು ಅಂಗಡಿಯ ಕಟ್ಟೆಗಳೇ ಅಂದು ರೈತರ ಪ್ರಮುಖ ಪಾಠಶಾಲೆಗಳಾಗಿದ್ದವು.

ಈ ಹಾದಿಗಳ ಶಕ್ತಿ ಹಾಗೂ ಮಿತಿಗಳೆರಡೂ ಸೊರಗು ರೋಗದ ಸಂದರ್ಭದಲ್ಲಿ ಗೋಚರವಾಗುತ್ತವೆ. ಬಳ್ಳಿ ಬಾಡಿತೆಂದರೆ ಆಡುಮಾತಿನಲ್ಲಿ ಅದು ‘ಸೊರಗು’. ಆದರೆ ಇದರಲ್ಲಿ ಎರಡು ಬಗೆಗಳಿವೆ. ಶೀಘ್ರ ಸೊರಗು ಮಳೆಗಾಲದಲ್ಲಿ ಫೈಟಾಫ್ತೊರ ರೋಗಾಣುವಿನಿಂದ ಬರುತ್ತದೆ; ಬುಡ ಕೊಳೆತು ಕೆಲವೇ ವಾರಗಳಲ್ಲಿ ಬಳ್ಳಿ ಸಾಯುತ್ತದೆ. ನಿಧಾನ ಸೊರಗಿನಲ್ಲಿ ಬೇರನ್ನು ಬಾಧಿಸುವ ಜಂತುಹುಳುಗಳ ಪಾತ್ರ ಪ್ರಧಾನ. ಮಳೆ ಹಿಂದೆ ಸರಿದ ಮೇಲೆ ಎಲೆ ಹಳದಿಯಾಗಿ, ಬಳ್ಳಿ ವರ್ಷಗಟ್ಟಲೆ ಕ್ಷೀಣಿಸುತ್ತದೆ. ಮೊದಲನೆಯದಕ್ಕೆ ಮಳೆಗೆ ಮುನ್ನವೇ ಸಿಂಪಡಿಸುವ ಬೋರ್ಡೋ ದ್ರಾವಣ ರಕ್ಷಣೆ ನೀಡಬಲ್ಲದು. ಜಂತುಹುಳುವಿಗೆ ಅದು ಮದ್ದಲ್ಲ. ಹೆಸರೊಂದನ್ನೇ ಹೇಳಿ ಅಂಗಡಿಯಿಂದ ಔಷಧಿ ತಂದವರಿಗೆ ಹಣದೊಡನೆ ಬಳ್ಳಿಯೂ ನಷ್ಟವಾಗುವ ಸಂಭವವಿದೆ.

ಮದ್ದಿನ ಹೆಸರು ತಿಳಿದರಷ್ಟೇ ಸಾಲದು, ತಯಾರಿಕೆಯ ಕ್ರಮವೂ ತಿಳಿದಿರಬೇಕು. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತ ಮತ್ತು ಸುಣ್ಣ ಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿದಾಗ ಅದರ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದೆಂದು ತಿಳಿಯಬೇಕು. ಇಂತಹ ಸೂಕ್ಷ್ಮಗಳನ್ನು ಮಾಡಿ ತೋರಿಸುವ ನೆರೆಯವರು ಮುದ್ರಿತ ಕರಪತ್ರಕ್ಕಿಂತ ಸುಲಭವಾಗಿ ಮನವರಿಕೆ ಮಾಡಿಕೊಡಬಲ್ಲರು.

ಈ ಅನುಭವವನ್ನು ಬರವಣಿಗೆಗೆ ತರುವ ಪ್ರಯತ್ನವಾಗಿ 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’ ಗಮನಾರ್ಹವಾದುದು. ಶ್ರೀಪಡ್ರೆಯವರ ನೇತೃತ್ವದಲ್ಲಿ ಅದು ಕೃಷಿಕರನ್ನೇ ಲೇಖಕರನ್ನಾಗಿಸಿತು. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರ್ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಉತ್ತರ ದೊರೆಯುವ ಅನುಕೂಲ ಕಲ್ಪಿಸಿತು. ಆದರೆ ದೂರವಾಣಿಗೆ ಬೇರು ಕಾಣುವುದಿಲ್ಲ. ಕೊಡಗಿನ ಅಪ್ಪಂಗಳದಲ್ಲಿರುವಂತಹ ಸಂಶೋಧನಾ ಕೇಂದ್ರಗಳ ಜ್ಞಾನವು ಫಲಿಸಬೇಕಾದರೆ, ರೋಗದ ಬಳ್ಳಿಯ ಬೇರು ಮಣ್ಣುಸಮೇತ ತಜ್ಞರನ್ನು ತಲುಪುವ ವ್ಯವಸ್ಥೆ ಹೋಬಳಿ ಮಟ್ಟದಲ್ಲಿಯೇ ಇರಬೇಕು. ಉತ್ತರವು ಮುಂಗಾರಿಗೆ ಮುನ್ನ ಮರಳಬೇಕು. ಕಾಲ ಮೀರಿ ಬಂದ ಮಾಹಿತಿ ಎಷ್ಟೇ ಶಾಸ್ತ್ರೀಯವಾಗಿದ್ದರೂ ಸತ್ತ ಬಳ್ಳಿಯನ್ನು ಚಿಗುರಿಸಲಾರದು.